ಬರ್ಮಿಂಗ್‌ಹ್ಯಾಮಿನ ಹಿಮ್ಮೇಳ

ಬರ್ಮಿಂಗ್‌ಹ್ಯಾಮಿನ ನ್ಯೂ ಸ್ಟ್ರೀಟ್ ರೈಲು ನಿಲ್ದಾಣದೊಳಗೆ ಒಂದು ಗೂಳಿ ಇದೆ. ಕಲ್ಲಿನದ್ದಲ್ಲ, ಯಂತ್ರದ ಗೂಳಿ. 10 ಮೀಟರ್ ಎತ್ತರ. ನಮ್ಮ ಬಸವನಗುಡಿಯ ಬಸವಣ್ಣ ಇದರ ಪಕ್ಕದಲ್ಲಿ ಕರುವಿನಂತೆ ಕಂಡಾನು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ ಉದ್ಘಾಟನೆಗೆಂದು ಮಾಡಿದ್ದು, ಆಮೇಲೆ ಗುಜರಿಗೆ ಹಾಕಲು ಊರಿನವರಿಗೆ ಮನಸ್ಸು ಬರದೆ ಇಲ್ಲಿಗೆ ತಂದು ನಿಲ್ಲಿಸಿದ್ದಾರೆ. ಹೆಸರೇನಿಡುವುದು ಎಂದು ಜನರನ್ನೇ ಕೇಳಿದಾಗ ಬಂದ ಉತ್ತರ: ಓಝಿ. ಬ್ಲ್ಯಾಕ್ ಸಬ್ಬಾತ್ ತಂಡದ ಹಾಡುಗಾರ ಓಝಿ ಆಸ್ಬರ್ನ್‌ನ ಹೆಸರು. ರೈಲಿಳಿದು ಸೂಟ್‌ಕೇಸ್ ಎಳೆದುಕೊಂಡು ಬರುವ ಪ್ರಯಾಣಿಕರಿಗೆ ಮೊದಲ ದರ್ಶನವೇ ಒಬ್ಬ ಮೆಟಲ್ ಗಾಯಕನ ಹೆಸರಿನ ಗೂಳಿಯದ್ದು. ಇಂಥ ಊರು ಪ್ರಪಂಚದಲ್ಲಿ ಇನ್ನೊಂದಿರಲಿಕ್ಕಿಲ್ಲ.

ನಾನು ಹೋದದ್ದು ಕಳೆದ ಅಕ್ಟೋಬರಿನಲ್ಲಿ, ಮೂರು ವಾರಗಳ ಆಫೀಸ್ ಕೆಲಸಕ್ಕೆ. ಐದು ಗಂಟೆಗೆ ಎಲ್ಲರೂ ಲ್ಯಾಪ್‌ಟಾಪ್ ಮುಚ್ಚಿ ಎದ್ದುಬಿಡುವ ಊರು. ಪುಣೆಯ ಹಿಂಜವಡಿಯಿಂದ ಹೋದವನಿಗೆ ಇದಕ್ಕಿಂತ ದೊಡ್ಡ ಆಘಾತ ಬೇಕೆ? ಹಾಗಾಗಿ ಸಂಜೆಗಳೆಲ್ಲ ನನ್ನವು. ಹದಿನೇಳನೇ ವಯಸ್ಸಿನಿಂದ ಮೆಟಲ್ ಕೇಳುತ್ತ ಬಂದವನಿಗೆ ಈ ಊರಿನಲ್ಲಿ ಸಂಜೆ ಏನು ಮಾಡುವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ನನಗೆ ಕೊಟ್ಟಿದ್ದ ಕೋಣೆ ಬ್ರಾಡ್ ಸ್ಟ್ರೀಟಿನ ಹತ್ತಿರ. ಆ ಬೀದಿಯಲ್ಲಿ ಕಾಲುವೆಯ ಮೇಲೊಂದು ಸೇತುವೆ ಇದೆ. ಅದರ ಹೆಸರು ಈಗ ಬ್ಲ್ಯಾಕ್ ಸಬ್ಬಾತ್ ಸೇತುವೆ. 2019ರಲ್ಲಿ ಅಲ್ಲೊಂದು ಲೋಹದ ಬೆಂಚು ಹಾಕಿದ್ದಾರೆ. ಬೆಂಚಿನ ಹಿಂದೆ ತಂಡದ ನಾಲ್ವರ ಮುಖಗಳು: ಗೀಝರ್ ಬಟ್ಲರ್, ಟೋನಿ ಅಯೋಮಿ, ಓಝಿ, ಬಿಲ್ ವಾರ್ಡ್. ಜುಲೈ 22ರಂದು ಓಝಿ ತೀರಿಕೊಂಡಾಗ ಈ ಸೇತುವೆ ಹೂವಿನಲ್ಲಿ ಮುಚ್ಚಿಹೋಗಿತ್ತು. ಶವಯಾತ್ರೆ ಇದೇ ಬೀದಿಯಲ್ಲಿ ಬಂದು ಇಲ್ಲೇ ನಿಂತಿತು, ಮುಂದೆ ಊರಿನದೇ ಒಂದು ಹಿತ್ತಾಳೆ ವಾದ್ಯದ ತಂಡ ಬಾರಿಸುತ್ತ ನಡೆದಿತ್ತು. ನಾನು ಹೋಗುವ ಹೊತ್ತಿಗೆ ಜನಜಂಗುಳಿ ಇಳಿದಿತ್ತು. ಆದರೂ ಒಬ್ಬಿಬ್ಬರು ಬಂದು ಫೋಟೋ ತೆಗೆಸಿಕೊಳ್ಳದ ಸಂಜೆಯನ್ನು ಕಾಣಲಿಲ್ಲ.

ಬೆಂಚಿನ ಮೇಲೆ ಕುಳಿತಾಗ ನನಗೆ ಅನ್ನಿಸಿದ್ದು ಒಂದೇ: ಐದನೆಯವನೆಲ್ಲಿ?

ಐದನೆಯವನ ಹೆಸರು ಜೆಫ್ ನಿಕೋಲ್ಸ್. ಅವನ ವಿಷಯಕ್ಕೆ ಬರುವ ಮೊದಲು ಈ ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ಏಕೆಂದರೆ ಮೆಟಲ್ ಎಂಬ ಸಂಗೀತದ ಸದ್ದು ಮತ್ತು ವೇಷ ಎರಡೂ ಇಲ್ಲಿನ ಕಾರ್ಖಾನೆಗಳಿಂದಲೇ ಹೊರಬಂದವು.

ಟೋನಿ ಅಯೋಮಿಯ ಕಥೆ ಮೆಟಲ್ ಕೇಳುವವರಿಗೆಲ್ಲ ಬಾಯಿಪಾಠ. ಕೇಳದವರಿಗಾಗಿ ಹೇಳುತ್ತೇನೆ. 1965ರಲ್ಲಿ, ಹದಿನೇಳನೇ ವಯಸ್ಸಿಗೆ, ಅವನು ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಕೊನೆಯ ದಿನ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಚ, ಗಿಟಾರಿನಲ್ಲಿ ತಂತಿ ಒತ್ತುವ ಕೈಯೇ ಬಲಗೈ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಮೇಲೆ ಚರ್ಮದ ತುಂಡು ಅಂಟಿಸಿ, ತನ್ನ ಬೆರಳಿಗೆ ತಾನೇ ಟೊಪ್ಪಿಗೆ ಮಾಡಿಕೊಂಡ. ಬಿಗಿ ತಂತಿ ಒತ್ತಿದರೆ ನೋವು, ಆದ್ದರಿಂದ ತೆಳು ತಂತಿ ಹಾಕಿದ. ಮುಂದೆ 1971ರ ಮಾಸ್ಟರ್ ಆಫ್ ರಿಯಾಲಿಟಿಯ ಹೊತ್ತಿಗೆ ಶ್ರುತಿಯನ್ನೂ ಒಂದೂವರೆ ಮನೆ ಕೆಳಗಿಳಿಸಿದ. ಆ ಸಡಿಲ ತಂತಿಯ, ನೆಲಕ್ಕೆ ಎಳೆಯುವಂಥ ಸದ್ದೇ ಇವತ್ತಿನ ಮೆಟಲ್‌ನ ಷಡ್ಜ. ಯಾರೋ ಸ್ಟುಡಿಯೋದಲ್ಲಿ ಕೂತು ಯೋಚಿಸಿ ಕಂಡುಹಿಡಿದದ್ದಲ್ಲ, ಇದೊಂದು ವರ್ಕ್‌ಅರೌಂಡ್. ನಮ್ಮ ಕ್ಷೇತ್ರದವರಿಗೆ ಈ ಪದದ ಮರ್ಯಾದೆ ಗೊತ್ತು.

ವೇಷವೂ ಹಾಗೆಯೇ. ತಂಡದವರು ಕೊರಳಿಗೆ ಹಾಕಿಕೊಳ್ಳುತ್ತಿದ್ದ ದೊಡ್ಡ ಶಿಲುಬೆಗಳು ಮಾಟಮಂತ್ರದ ಅಂಗಡಿಯಿಂದ ಬಂದವಲ್ಲ. ಓಝಿಯ ಅಪ್ಪ ಉಪಕರಣ ತಯಾರಿಸುವ ಕೆಲಸಗಾರ, ಅವರೇ ಮಾಡಿಕೊಟ್ಟದ್ದು. ಪತ್ರಿಕೆಗಳು ಅದರಲ್ಲಿ ಸೈತಾನನನ್ನು ಕಂಡವು. ಇನ್ನು ಚರ್ಮದ ಜಾಕೆಟ್, ಅದರ ಮೇಲೆ ಹೊಳೆಯುವ ಲೋಹದ ಮೊಳೆಗಳು, ವೇದಿಕೆಯ ಮೇಲೆ ಮೋಟರ್‌ಸೈಕಲ್. ಇವೆಲ್ಲ 70ರ ದಶಕದ ಕೊನೆಗೆ ಬಂದದ್ದು ಇದೇ ಸೀಮೆಯ ಇನ್ನೊಂದು ತಂಡದಿಂದ, ಜೂಡಾಸ್ ಪ್ರೀಸ್ಟ್. ಅದರ ಗಾಯಕ ರಾಬ್ ಹ್ಯಾಲ್ಫರ್ಡ್ ಪಕ್ಕದ ವಾಲ್ಸಾಲ್‌ನವನು. ಸುಮಾರು ಇಪ್ಪತ್ತು ವರ್ಷ ಜಗತ್ತಿನ ಹುಡುಗರು ಆ ವೇಷವೇ ಗಂಡಸುತನದ ಕೊನೆಯ ಮಾತು ಎಂದು ನಂಬಿ ಹಾಕಿಕೊಂಡರು. 1998ರಲ್ಲಿ ಹ್ಯಾಲ್ಫರ್ಡ್ ತಾನು ಸಲಿಂಗಿ ಎಂದು ಟಿವಿಯಲ್ಲಿ ಹೇಳಿದ. ಯಾರೂ ಜಾಕೆಟ್ ಕಳಚಲಿಲ್ಲ. ಮೆಟಲ್ ಅಭಿಮಾನಿಗಳ ಬಗ್ಗೆ ನನಗೆ ಹೆಮ್ಮೆ ಇರುವ ಸಂಗತಿಗಳಲ್ಲಿ ಇದೂ ಒಂದು.

ಹೆಮ್ಮೆ ಇಲ್ಲದ ಸಂಗತಿ ಕೀಬೋರ್ಡಿನದ್ದು.

ಜೆಫ್ ನಿಕೋಲ್ಸ್ ಬರ್ಮಿಂಗ್‌ಹ್ಯಾಮಿನವನೇ. ಮೂಲತಃ ಗಿಟಾರ್ ವಾದಕ. ಅವನಿದ್ದ ಕ್ವಾರ್ಟ್ಝ್ ಎಂಬ ತಂಡದ ಮೊದಲ ಆಲ್ಬಂ 1977ರಲ್ಲಿ ಬಂದಾಗ ಅದರ ನಿರ್ಮಾಪಕ ಅಯೋಮಿ. 1979ರಲ್ಲಿ ಓಝಿಯನ್ನು ತಂಡದಿಂದ ತೆಗೆದರು, ಗೀಝರ್ ಕೂಡ ಸ್ವಲ್ಪ ಕಾಲ ದೂರ ಇದ್ದ. ಆಗ ನಿಕೋಲ್ಸ್ ಬಾಸ್ ನುಡಿಸಲು ಬಂದ. ಗೀಝರ್ ವಾಪಸಾದ ಮೇಲೆ ಇವನಿಗೆ ಜಾಗವಿಲ್ಲ. ಹಾಗಾದರೆ ಕೀಬೋರ್ಡ್ ನುಡಿಸು ಎಂದರು, ನುಡಿಸಿದ. 2004ರವರೆಗೂ. ಅಂದರೆ ಓಝಿಯ ಮೊದಲ ಇನಿಂಗ್ಸಿನ ಎರಡು ಪಟ್ಟು ಕಾಲ. 1980ರ ಹೆವನ್ ಅಂಡ್ ಹೆಲ್ ಆಲ್ಬಂನಲ್ಲಿ ಡೈ ಯಂಗ್ ಎಂಬ ಹಾಡು ಶುರುವಾಗುವ ಮುನ್ನ ಮಂಜು ಮುಸುಕಿದ ಹಾಗೆ ಒಂದು ಸದ್ದು ಬರುತ್ತದಲ್ಲ, ಅದು ಕೀಬೋರ್ಡಿನದ್ದು. ಗಿಟಾರ್ ಒಂದೇ ಇರುವ ತಂಡದಲ್ಲಿ, ಅಯೋಮಿ ಸೋಲೋ ನುಡಿಸಲು ಹೊರಟಾಗ ಕೆಳಗೆ ಪೊಳ್ಳಾಗುತ್ತದೆ. ಆ ಪೊಳ್ಳನ್ನು ತುಂಬಿ ಹಿಡಿಯುವವನು ಒಬ್ಬ ಬೇಕು.

ಅವನು ನಿಲ್ಲುತ್ತಿದ್ದದ್ದು ಎಲ್ಲಿ ಗೊತ್ತೆ? ಬಹುಪಾಲು ಕಛೇರಿಗಳಲ್ಲಿ ಪರದೆಯ ಹಿಂದೆ, ಇಲ್ಲವೇ ಪ್ರೇಕ್ಷಕರಿಗೆ ಕಾಣದ ಬದಿಯಲ್ಲಿ. 80ರ ದಶಕದ ಮಧ್ಯದಿಂದ ಕೆಲವು ವರ್ಷ ಅಧಿಕೃತ ಸದಸ್ಯ ಅನ್ನಿಸಿಕೊಂಡರೂ ವೇದಿಕೆಯ ಮೇಲಿನ ಚಿತ್ರ ಬದಲಾಗಲಿಲ್ಲ. ಜನ ನೋಡಬೇಕಾದದ್ದು ನಾಲ್ವರನ್ನು, ಕೇಳುತ್ತಿದ್ದದ್ದು ಐವರನ್ನು.

ಕೀಬೋರ್ಡ್ ಎಂದರೆ ಮೆಟಲ್‌ಗೆ ಆಗುವುದಿಲ್ಲ ಎಂಬುದು ಸುಳ್ಳು. ಡೀಪ್ ಪರ್ಪಲ್ ತಂಡದ ಜಾನ್ ಲಾರ್ಡ್ ವೇದಿಕೆಯ ಮೇಲೇ ಇದ್ದ, ರಾಜನ ಹಾಗೆ. ಆದರೆ ಅವನ ಎದುರಿಗಿದ್ದದ್ದು ಹ್ಯಾಮಂಡ್ ಆರ್ಗನ್, ಬೀರುವಿನಷ್ಟು ಭಾರದ ಮರದ ಸಾಮಾನು. ಅದನ್ನು ಹಿಡಿದು ಅಲುಗಾಡಿಸಬಹುದು, ನೋಡುವವರಿಗೆ ಕುಸ್ತಿಯಂತೆ ಕಾಣುತ್ತದೆ. ಎರಡು ಕಾಲಿನ ಸ್ಟ್ಯಾಂಡಿನ ಮೇಲಿಟ್ಟ ಸಿಂಥಸೈಝರ್ ಮಾತ್ರ ಮದುವೆ ಆರ್ಕೆಸ್ಟ್ರಾದ ಹಾಗೆ ಕಾಣುತ್ತದೆ. ಅಂದರೆ ತಕರಾರು ಕಿವಿಯದ್ದಲ್ಲ, ಕಣ್ಣಿನದ್ದು. ಸಂಗೀತದ ಅಭಿರುಚಿ ಎಂದು ನಾವು ಜಗಳವಾಡುವುದರಲ್ಲಿ ಅರ್ಧದಷ್ಟು ಕಣ್ಣಿನ ವ್ಯವಹಾರವೇ ಎಂಬುದು ನನ್ನ ಬಹುಕಾಲದ ಗುಮಾನಿ.

ಇದು ನನಗೆ ಬರೀ ಓದಿ ತಿಳಿದ ವಿಷಯವಲ್ಲ. ಎಂಜಿನಿಯರಿಂಗ್ ಓದುವಾಗ ನಾವು ಐದು ಜನ ಸೇರಿ ಒಂದು ಬ್ಯಾಂಡ್ ಕಟ್ಟಿದ್ದೆವು. ನನ್ನದು ಕೀಬೋರ್ಡ್. ಅಂತರ ಕಾಲೇಜು ಸ್ಪರ್ಧೆಯ ದಿನ, ಹತ್ತುವ ಮೊದಲು, ಗಿಟಾರಿನ ಗೆಳೆಯ ಬಂದು ಹೆಗಲ ಮೇಲೆ ಕೈ ಹಾಕಿದ. "ನೀನು ಆ ಸ್ಪೀಕರಿನ ಹಿಂದೆ ಇರು ಮಾರಾಯ, ಇಲ್ಲದಿದ್ರೆ ಆರ್ಕೆಸ್ಟ್ರಾ ಲುಕ್ ಬರ್ತದೆ" ಅಂದ. ಉಳಿದ ಮೂವರೂ ನೆಲ ನೋಡಿದರು. ಸ್ಪೀಕರಿನ ಹಿಂದೆ ನಿಂತು ನುಡಿಸಿದೆ, ಡ್ರಮ್ಮರ್‌ನ ಕೈ ಕಾಣದೆ ಬರೀ ಕಿವಿಯಲ್ಲೇ ತಾಳ ಹಿಡಿದೆ. ಎರಡನೇ ಬಹುಮಾನ ಬಂತು. ಕಾಲೇಜು ಸಂಚಿಕೆಯಲ್ಲಿ ಅಚ್ಚಾದ ಫೋಟೋದಲ್ಲಿ ನಾಲ್ವರಿದ್ದಾರೆ. ಮನೆಗೆ ಕೊಂಡೊಯ್ದು ಅಮ್ಮನಿಗೆ ತೋರಿಸಿದಾಗ ಅವಳು ಕನ್ನಡಕ ಏರಿಸಿ ಬಹಳ ಹೊತ್ತು ಹುಡುಕಿದಳು.

ನಮ್ಮದು ಕುಂದಾಪುರದ ಕಡೆ. ಅಮ್ಮನಿಗೆ ಅರ್ಥವಾಗದೇ ಇದ್ದದ್ದು ಸಹಜ. ಅವಳು ನೋಡಿ ಬೆಳೆದದ್ದು ಯಕ್ಷಗಾನ. ಅಲ್ಲಿ ಹಿಮ್ಮೇಳ ಎಂದರೆ ಹಿಂದೆ ಇರುವುದು ನಿಜ, ಆದರೆ ಅಡಗಿಕೊಂಡು ಅಲ್ಲ. ರಂಗಸ್ಥಳದ ನಡು ಹಿಂಬದಿಯಲ್ಲಿ, ದೀಪದ ಬೆಳಕಿನಲ್ಲೇ, ಭಾಗವತರು ತಾಳ ಹಿಡಿದು ಕೂತಿರುತ್ತಾರೆ, ಪಕ್ಕದಲ್ಲಿ ಮದ್ದಳೆ, ಆಚೆ ಚೆಂಡೆ. ಕಿರೀಟವಿಲ್ಲ, ಬಣ್ಣವಿಲ್ಲ. ಆದರೂ ಭಾಗವತರನ್ನು ಮೊದಲನೇ ವೇಷ ಎನ್ನುವುದು ರೂಢಿ. ಅವರು ಪದ ಎತ್ತದೆ ಎಂಥ ರಾಕ್ಷಸನೂ ಕಾಲು ಎತ್ತುವಂತಿಲ್ಲ. ಕಾಳಿಂಗ ನಾವಡರ ಕಾಲದಲ್ಲಂತೂ ಜನ ಟೆಂಟಿಗೆ ಹೋಗುತ್ತಿದ್ದದ್ದೇ ಭಾಗವತಿಕೆಗಾಗಿ, ವೇಷಧಾರಿ ಯಾರೆಂದು ಆಮೇಲೆ ಕೇಳುತ್ತಿದ್ದರು. ಇನ್ನು ಕರ್ನಾಟಕ ಸಂಗೀತದ ಪಕ್ಕವಾದ್ಯಕ್ಕೆ ಬಂದರೆ, ಬೆಂಗಳೂರಿನ ಪ್ರಸಿದ್ಧ ಸಭಾಂಗಣಕ್ಕೆ ಹೆಸರಿರುವುದು ಗಾಯಕನದ್ದಲ್ಲ, ಪಿಟೀಲು ಚೌಡಯ್ಯನವರದ್ದು. ಕಟ್ಟಡವನ್ನೇ ಪಿಟೀಲಿನ ಆಕಾರದಲ್ಲಿ ಕಟ್ಟಿದ್ದಾರೆ. ಮೈಕಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ಕೇಳಲೆಂದು ಏಳು ತಂತಿ ಕಟ್ಟಿಕೊಂಡ ಮನುಷ್ಯ ಅವರು. ಅವರನ್ನು ಸ್ಪೀಕರಿನ ಹಿಂದೆ ಕೂರಿಸುವ ಧೈರ್ಯ ಯಾರಿಗಿತ್ತು!

ನಮ್ಮಲ್ಲಿ ಎಲ್ಲ ಸರಿ ಇದೆ ಎಂದಲ್ಲ. ಸಿನಿಮಾ ಹಾಡಿನ ಹಿಂದೆ ಪಿಟೀಲು ನುಡಿಸಿದ ನೂರಾರು ಜನರ ಹೆಸರು ಯಾರಿಗೂ ತಿಳಿಯದು. ಆದರೆ ಎದುರಿಗೆ ನಡೆಯುತ್ತಿರುವ ಕಛೇರಿಯಲ್ಲೇ ವಾದಕನನ್ನು ಬಚ್ಚಿಡುವುದು ಬೇರೆ ಮಾತು.

ಇಲ್ಲೊಂದು ತಮಾಷೆ ಹೇಳಬೇಕು. 1983ರ ಪ್ರವಾಸಕ್ಕೆ ಇದೇ ಬ್ಲ್ಯಾಕ್ ಸಬ್ಬಾತ್ ತಂಡ ವೇದಿಕೆಯ ಮೇಲೆ ಸ್ಟೋನ್‌ಹೆಂಜ್‌ನ ಕಲ್ಲುಗಳ ಮಾದರಿ ನಿಲ್ಲಿಸಲು ಹೊರಟಿತು. ಅಳತೆಯನ್ನು ಅಡಿಯಲ್ಲಿ ಹೇಳಿದ್ದು, ಮಾಡಿದವರು ಮೀಟರ್ ಎಂದುಕೊಂಡರು ಎನ್ನುತ್ತಾರೆ. ಬಂದ ಕಲ್ಲುಗಳು ಸಭಾಂಗಣಗಳಲ್ಲಿ ಹಿಡಿಸದಷ್ಟು ದೊಡ್ಡವು. ನಮ್ಮಲ್ಲಾದರೆ ಇದಕ್ಕೆ ಮೂರು ಮೀಟಿಂಗ್ ಆಗಿ ಟೆಸ್ಟಿಂಗ್ ತಂಡದ ತಲೆಗೆ ಕಟ್ಟುತ್ತಿದ್ದರು. ಆ ತಮಾಷೆ ಇರಲಿ, ಕಲ್ಲಿನ ಮಾದರಿಗೆ ವೇದಿಕೆಯ ಮೇಲೆ ಜಾಗ ಮಾಡಲು ಒದ್ದಾಡಿದ ಆ ಪ್ರವಾಸದಲ್ಲೂ ನಿಕೋಲ್ಸ್ ಕೀಬೋರ್ಡ್ ನುಡಿಸುತ್ತಿದ್ದ.

ಸಬ್ಬಾತ್ ಒಂದೇ ಅಲ್ಲ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ ಈ ಪತ್ರಿಕೆ ಓದುವ ಎಷ್ಟೋ ಜನ ಅಲ್ಲಿದ್ದಿರಬಹುದು. ನಾನೂ ಇದ್ದೆ, ಕೆಂಪು ಧೂಳು ತಿನ್ನುತ್ತ. ವೇದಿಕೆಯಲ್ಲಿ ಆರು ಜನ. ಕೀಬೋರ್ಡಿನ ಸದ್ದು ಎಲ್ಲಿಂದ ಎಂದು ನನ್ನ ಸುತ್ತ ಯಾರೂ ಕೇಳಲಿಲ್ಲ. ಮೇಡನ್‌ಗೆ ಎಷ್ಟೋ ವರ್ಷಗಳಿಂದ ಮರೆಯಲ್ಲಿ ನಿಂತು ಕೀಬೋರ್ಡ್ ನುಡಿಸುತ್ತ ಬಂದವನು ಮೈಕೆಲ್ ಕೆನ್ನಿ. ಅವನ ಮುಖ್ಯ ಕೆಲಸ ಸ್ಟೀವ್ ಹ್ಯಾರಿಸ್‌ನ ಬಾಸ್ ಗಿಟಾರುಗಳನ್ನು ನೋಡಿಕೊಳ್ಳುವುದು. 1988ರ ಪ್ರವಾಸದಲ್ಲಿ ಒಂದು ಹಾಡಿಗೆ ಮಾತ್ರ ಅವನನ್ನು ಜನರ ಮುಂದೆ ತಂದರು: ಕಪ್ಪು ನಿಲುವಂಗಿ, ಮುಖವಾಡ ಹಾಕಿಸಿ, ಫೋರ್ಕ್‌ಲಿಫ್ಟ್ ಮೇಲೆ ಎತ್ತಿ ತೋರಿಸಿದರು. ಕೀಬೋರ್ಡ್ ವಾದಕ ಕಾಣಲೇಬೇಕಾದರೆ ಭೂತದ ಹಾಗೆ ಕಾಣಲಿ ಎಂದಿರಬೇಕು. ಅದೂ ಒಂದು ಲೆಕ್ಕಕ್ಕೆ ಒಳ್ಳೆಯದೇ, ವೇಷವಾದರೂ ಸಿಕ್ಕಿತು.

ಎರಡನೇ ಶನಿವಾರ ಆಸ್ಟನ್‌ಗೆ ಹೋದೆ. ಸಬ್ಬಾತ್‌ನ ನಾಲ್ವರೂ ಬೆಳೆದ ಬಡಾವಣೆ. ರೈಲಿನಲ್ಲಿ ಹತ್ತೇ ನಿಮಿಷ. ಇಳಿದರೆ ಒತ್ತೊತ್ತಾಗಿ ಕಟ್ಟಿದ ಕೆಂಪು ಇಟ್ಟಿಗೆಯ ಸಾಲು ಮನೆಗಳು, ಮನೆಯ ಬಾಗಿಲು ತೆರೆದರೆ ನೇರ ಫುಟ್‌ಪಾತ್. ಈಗ ಅಲ್ಲಿ ಹೆಚ್ಚಾಗಿ ಪಾಕಿಸ್ತಾನ, ಬಾಂಗ್ಲಾ ಮೂಲದವರ ಕುಟುಂಬಗಳು. ಬೇಕರಿಯೊಂದರಲ್ಲಿ ಸಮೋಸ ತಿಂದೆ, ಚೆನ್ನಾಗಿತ್ತು. ಓಝಿ ಇಲ್ಲಿಂದಲೇ ಕಾರ್ಖಾನೆಗೆ ಹೋಗಿ ಕಾರಿನ ಹಾರ್ನ್‌ಗಳಿಗೆ ಶ್ರುತಿ ಹಿಡಿಯುವ ಕೆಲಸ ಮಾಡುತ್ತಿದ್ದ, ಆಮೇಲೆ ಕಸಾಯಿಖಾನೆಯಲ್ಲಿ. ಮನೆಗಳ ಸಾಲು ಮುಗಿಯುತ್ತಲೇ ವಿಲ್ಲಾ ಪಾರ್ಕ್, ಆಸ್ಟನ್ ವಿಲ್ಲಾದ ಫುಟ್‌ಬಾಲ್ ಮೈದಾನ. ಅದರ ಪಕ್ಕದ ಗುಡ್ಡದ ಮೇಲೆ ಹದಿನೇಳನೇ ಶತಮಾನದ ಒಂದು ಜಮೀನ್ದಾರಿ ಮಹಲು. ಮಹಲಿನ ಕಿಟಕಿಯಿಂದ ನೋಡಿದರೆ ಮೈದಾನ, ಅದರಾಚೆ ಹೆದ್ದಾರಿಗಳ ಗೋಜಲು.

2025ರ ಜುಲೈ 5ರಂದು ಇದೇ ಮೈದಾನದಲ್ಲಿ ನಾಲ್ವರೂ ಕೊನೆಯ ಬಾರಿ ಒಟ್ಟಿಗೆ ನುಡಿಸಿದರು. ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲಾಗದ ಓಝಿ ಕಪ್ಪು ಸಿಂಹಾಸನದಲ್ಲಿ ಕೂತು ಹಾಡಿದ. ಗಾಲಿಕುರ್ಚಿಯನ್ನು ಸಿಂಹಾಸನ ಮಾಡಿದ್ದು ವೇದಿಕೆಯ ವೇಷಕ್ಕೆ ಸಿಕ್ಕ ಅತಿ ಒಳ್ಳೆಯ ಉಪಯೋಗ ಎಂದು ನನ್ನ ಲೆಕ್ಕ. ಹದಿನೇಳು ದಿನಕ್ಕೆ ತೀರಿಕೊಂಡ.

ಆ ದಿನದ ವಿಡಿಯೋಗಳಲ್ಲಿ ನಾನು ಹೆಚ್ಚು ಸಲ ನೋಡಿದ್ದು ಮಾತ್ರ ಬೇರೆ ಹಾಡು. ಚೇಂಜಸ್, 1972ರದ್ದು. ಗಿಟಾರೇ ಇಲ್ಲದ, ಪಿಯಾನೋ ಮೇಲೆ ಕಟ್ಟಿದ ಹಾಡು. ಮೂಲದಲ್ಲಿ ಪಿಯಾನೋ ನುಡಿಸಿದ್ದು ಅಯೋಮಿಯೇ. ಜಗತ್ತಿನ ಅತಿ ಭಾರದ ತಂಡ ಎರಡೇ ವರ್ಷದಲ್ಲಿ ಇಂಥದೊಂದು ಹಾಡು ಮಾಡಿತ್ತೆಂದು ಕೀಬೋರ್ಡ್ ವಿರೋಧಿಗಳು ಮರೆತೇಬಿಡುತ್ತಾರೆ. ವಿಲ್ಲಾ ಪಾರ್ಕಿನಲ್ಲಿ ಅದನ್ನು ಹಾಡಿದವನು ಯಂಗ್‌ಬ್ಲಡ್ ಎಂಬ ಹುಡುಗ, ಕೀಬೋರ್ಡಿನಲ್ಲಿ ಆಡಮ್ ವೇಕ್‌ಮನ್. ಇದೇ ವೇಕ್‌ಮನ್ ಸಬ್ಬಾತ್‌ನ ವಿದಾಯದ ಪ್ರವಾಸದಲ್ಲಿ ನಿಕೋಲ್ಸ್‌ನ ಹಾಗೆಯೇ ಮರೆಯಲ್ಲಿ ನುಡಿಸಿದವನು. ಇಲ್ಲಿ ಮಾತ್ರ ಮೈದಾನ ತುಂಬಿದ ಕಪ್ಪು ಟೀಶರ್ಟಿನ ಜನ ಅವನ ಕೀಬೋರ್ಡಿಗೆ ದನಿಗೂಡಿಸಿ ಅತ್ತರು. ಆ ಹಾಡು ಬಿಡುಗಡೆಯಾದಾಗ ಗಾಯಕನ ಹೆಸರಿನ ಜೊತೆ ನುಡಿಸಿದವರೆಲ್ಲರ ಹೆಸರನ್ನೂ ಶೀರ್ಷಿಕೆಯಲ್ಲೇ ಹಾಕಿದರು. ಕಛೇರಿಯ ಆಮಂತ್ರಣದಲ್ಲಿ ಪಿಟೀಲು, ಮೃದಂಗ, ಘಟ ಎಂದು ಹಾಕುವ ಹಾಗೆ.

ನಿಕೋಲ್ಸ್‌ಗೆ ಅದು ಸಿಗಲಿಲ್ಲ. ಸಬ್ಬಾತ್‌ನ ವಿದಾಯದ ಪ್ರವಾಸ ಮುಗಿದದ್ದು 2017ರ ಫೆಬ್ರವರಿ 4ರಂದು, ಇದೇ ಊರಿನಲ್ಲಿ. ಅವನು ಸತ್ತದ್ದು ಜನವರಿ 28ರಂದು, ಶ್ವಾಸಕೋಶದ ಕ್ಯಾನ್ಸರಿನಿಂದ. ಏಳೇ ದಿನದ ಅಂತರ. ಮೂರು ವಾರ ನಾನು ಓಡಾಡಿದ ದಾರಿಯಲ್ಲೆಲ್ಲೂ ಅವನ ಹೆಸರು ಕಣ್ಣಿಗೆ ಬೀಳಲಿಲ್ಲ. ಹಾಗೆ ನೋಡಿದರೆ ಈ ಊರಿಗೆ ಹಿಂದೆ ನಿಂತವರನ್ನು ಮುಂದೆ ತರುವುದು ಗೊತ್ತಿಲ್ಲದ್ದೇನಲ್ಲ. ಬ್ರಾಡ್ ಸ್ಟ್ರೀಟ್ ಶುರುವಾಗುವಲ್ಲಿ, ಸೆಂಟಿನರಿ ಚೌಕದಲ್ಲಿ, ಚಿನ್ನದ ಬಣ್ಣದ ಮೂರು ಪ್ರತಿಮೆಗಳಿವೆ. ಬೋಲ್ಟನ್, ವಾಟ್ ಮತ್ತು ಮರ್ಡಾಕ್. ಮೊದಲಿಬ್ಬರು ಉಗಿಯಂತ್ರದ ಮಾಲೀಕರು. ಮೂರನೆಯವನು ಅವರ ಕಾರ್ಖಾನೆಯ ನೌಕರ, ಗ್ಯಾಸ್ ದೀಪ ಉರಿಸಿ ತೋರಿಸಿದವನು. ಮೂವರೂ ಒಂದೇ ನಕ್ಷೆಯನ್ನು ನೋಡುತ್ತ ನಿಂತಿದ್ದಾರೆ.

ಹೊರಡುವ ಹಿಂದಿನ ಗುರುವಾರ ಸಹೋದ್ಯೋಗಿಯೊಬ್ಬ ಒಂದು ಪಬ್‌ಗೆ ಕರೆದೊಯ್ದ. ಒಳಗೆ ಸಬ್ಬಾತ್ ಹಾಡುಗಳನ್ನು ನುಡಿಸುವ ಸ್ಥಳೀಯ ತಂಡ. ಹಾಡುಗಾರನಿಗೆ ಐವತ್ತೈದು ದಾಟಿದೆ, ಜೂಲು ಜೂಲಾದ ಓಝಿಯ ಜಾಕೆಟ್ ಹೊಟ್ಟೆಯ ಮೇಲೆ ಗುಂಡಿ ಹಾಕಲು ಬರುತ್ತಿಲ್ಲ. ಬಲಗಡೆ, ಬಿಯರ್ ಕೌಂಟರಿಗೆ ತಾಗಿಕೊಂಡು, ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಹೂವಿನ ಚಿತ್ರದ ಸ್ವೆಟರ್ ಹಾಕಿಕೊಂಡು ಕೀಬೋರ್ಡ್ ಮುಂದೆ ನಿಂತಿದ್ದಳು. ಡೈ ಯಂಗ್ ಶುರು ಮಾಡಿದ್ದು ಅವಳೇ, ಒಬ್ಬಳೇ. ಗದ್ದಲವಿದ್ದ ಪಬ್ಬು ಅಷ್ಟು ಹೊತ್ತು ಸುಮ್ಮನಾಯಿತು.

ಕಾರ್ಯಕ್ರಮ ಮುಗಿದ ಮೇಲೆ ಅವಳು ಕೇಬಲ್ ಸುತ್ತುತ್ತಿದ್ದಳು, ಉಳಿದವರು ಬಾರಿನಲ್ಲಿದ್ದರು. ನಾನು ಒಂದು ತುದಿ ಹಿಡಿದೆ. ಕೀಬೋರ್ಡಿಗೆ ಜನ ಸಿಗುವುದಿಲ್ಲವಾದ್ದರಿಂದ ತಾನು ಊರಿನ ಮೂರು ತಂಡಗಳಿಗೆ ನುಡಿಸುತ್ತೇನೆ ಎಂದಳು. ಜೆಫ್ ನಿಕೋಲ್ಸ್ ಹೆಸರೆತ್ತಿದೆ. ಹುಬ್ಬು ಮೇಲೇರಿಸಿ ನನ್ನನ್ನು ಮತ್ತೊಮ್ಮೆ ನೋಡಿದಳು, ಭಾರತದಲ್ಲಿ ಅವನ ಹೆಸರು ಗೊತ್ತೇ ಎಂದು ಕೇಳಿದಳು. ಒಬ್ಬನಿಗೆ ಗೊತ್ತು ಎಂದೆ. ನಮ್ಮೂರಿನಲ್ಲಿ ನಿಮ್ಮಂಥವರಿಗೆ ಒಂದು ಪದ ಇದೆ ಎಂದು ಹಿಮ್ಮೇಳ ಅಂದರೇನೆಂದು ವಿವರಿಸಿದೆ. ಆ ಳಕಾರ ಅವಳ ಬಾಯಿಗೆ ಬರಲೇ ಇಲ್ಲ. ಮೂರು ಸಲ ಪ್ರಯತ್ನಿಸಿ, ನಕ್ಕು, ಕೀಬೋರ್ಡಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಕಾರು ಸ್ವಲ್ಪ ದೂರ ನಿಲ್ಲಿಸಿದ್ದೇನೆ, ಮಳೆ ಬರುತ್ತಿದೆ, ಬೇಗ ನಡೆ ಎಂದಳು.